ಕೆಂಚು, ನರೆ ಮತ್ತು ಬ್ಲಾಂಡ್

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳ ಭಾಷೆಗೆ ಅದರದೇ ಆದ ಒಂದು ವ್ಯಾಕರಣವಿದೆ. ಠಾಣೆ ಬೆಂಗಳೂರಿನ ಅಮೃತಹಳ್ಳಿಯದಾಗಿರಲಿ, ದೂರದ ಅಫಜಲಪುರದ್ದಾಗಿರಲಿ, ಚಹರೆಯ ವಿವರ ಒಂದೇ ಎರಕದಲ್ಲಿ ಹೊಯ್ದಂತೆ ಇರುತ್ತದೆ. ಐದೂವರೆ ಅಡಿ ಎತ್ತರ, ಸಾಧಾರಣ ಮೈಕಟ್ಟು, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ತಲೆಯಲ್ಲಿ ಕಪ್ಪು ಕೂದಲು. ಮುಖವಾದರೆ ಕೋಲು ಇಲ್ಲವೇ ದುಂಡು. ಮೈಬಣ್ಣಕ್ಕೆ ಗೋಧಿ, ಎಣ್ಣೆಗೆಂಪು, ಬಿಳಿ, ಸಾಧಾರಣ ಕಪ್ಪು ಎಂದು ನಾಲ್ಕಾರು ಮೆಟ್ಟಿಲು. ಕೂದಲಿಗೆ ಬಂದಾಗ ಮಾತ್ರ ಬರೆಯುವವರ ಕೈ ಬಿಗಿ. ಕಪ್ಪು, ಅದು ತಪ್ಪಿದರೆ ‘ಕಪ್ಪು ಬಿಳಿ ಮಿಶ್ರಿತ’, ಅದೂ ತಪ್ಪಿದರೆ ಬಿಳಿ. ಗುರುತು ಸಿಗದ ಶವದ ಪ್ರಕಟಣೆಯಲ್ಲಿ ಕೂದಲು ಎಷ್ಟು ಇಂಚು ಉದ್ದ ಎಂದು ಹೇಳುವುದುಂಟು, ಬಣ್ಣದ ವಿಷಯದಲ್ಲಿ ಹೊಸದೇನೂ ಇರುವುದಿಲ್ಲ.

ಇಂಗ್ಲೆಂಡಿನ ಅಥವಾ ಅಮೆರಿಕದ ಪೊಲೀಸರು ಹೊರಡಿಸುವ ಇಂಥದೇ ಪ್ರಕಟಣೆಯಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಮೈಬಣ್ಣಕ್ಕೆ ಅಲ್ಲಿ ಒಂದೇ ಮಾತು, ಅದೂ ಜನಾಂಗದ ಹೆಸರು. ಕೂದಲಿಗೆ ಮಾತ್ರ ಸಾಲುಸಾಲು ಪದಗಳು: ಬ್ಲಾಂಡ್, ಸ್ಯಾಂಡಿ, ಲೈಟ್ ಬ್ರೌನ್, ಡಾರ್ಕ್ ಬ್ರೌನ್, ಆಬರ್ನ್, ರೆಡ್, ಬ್ಲ್ಯಾಕ್, ಗ್ರೇ. ಎಣ್ಣೆಗೆಂಪು ಎಂಬುದನ್ನು ಇಂಗ್ಲಿಷಿಗೆ ತರಲು ಕೂತವನಿಗೆ ಬೆವರು ಇಳಿಯುವಂತೆಯೇ, ಆಬರ್ನ್ ಎಂಬುದನ್ನು ಕನ್ನಡಕ್ಕೆ ತರಲು ಕೂತವನಿಗೂ ಇಳಿಯುತ್ತದೆ. ಎರಡು ಭಾಷೆಗಳ ಜನರ ಕಣ್ಣು ಬೇರೆ ಬೇರೆಯೇನಲ್ಲ. ಗುಂಪಿನಲ್ಲಿ ಒಬ್ಬನನ್ನು ಬೇರೆಮಾಡಿ ತೋರಿಸಲು ಯಾವ ಗುರುತು ಉಪಯೋಗಕ್ಕೆ ಬರುತ್ತದೆಯೋ ಅದಕ್ಕೆ ಮಾತ್ರ ಜನ ಮಾತು ಹುಟ್ಟಿಸಿಕೊಳ್ಳುತ್ತಾರೆ. ಹತ್ತು ಜನರಲ್ಲಿ ಹತ್ತು ಜನರ ಕೂದಲೂ ಕಪ್ಪಾಗಿರುವ ಊರಿನಲ್ಲಿ ‘ಆ ಕಪ್ಪು ಕೂದಲಿನವರನ್ನು ಕರಿ’ ಎಂದರೆ ಯಾರೂ ಏಳುವುದಿಲ್ಲ.

ಈ ತೊಡಕು ಪುಸ್ತಕದ ಹುಳುಗಳಿಗೆ ಮಾತ್ರ ಸೇರಿದ್ದಲ್ಲ. ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆ ಹಿಡಿದರೆ ಬಲಕ್ಕೆ ಸಿಗುವ ಅಮೃತಹಳ್ಳಿ ಒಂದು ಕಾಲಕ್ಕೆ ಕೆರೆ, ಹೊಲ, ತೋಟಗಳ ಊರು. 2008ರಲ್ಲಿ ಇದೇ ರಸ್ತೆಯ ತುದಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ಚಹರೆಯೇ ಬದಲಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟು, ಪಿ.ಜಿ. ಹಾಸ್ಟೆಲು, ಪಕ್ಕದಲ್ಲೇ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವ ಕಂಪನಿ ವಾಹನಗಳು. ಇಂಥ ಕಡೆ ಸಣ್ಣ ತರಗತಿಯ ಮಗುವಿನ ಇಂಗ್ಲಿಷ್ ಅಭ್ಯಾಸ ಪುಸ್ತಕದಲ್ಲಿ ‘ನಿನ್ನ ಗೆಳೆಯನನ್ನು ವರ್ಣಿಸು’ ಎಂಬ ಪಾಠ ಬರುತ್ತದೆ. ಚಿತ್ರದಲ್ಲಿ ಹಳದಿ ಕೂದಲಿನ ಹುಡುಗಿ, ಕಿತ್ತಳೆ ಕೂದಲಿನ ಹುಡುಗ. ಮಗು ಅವಕ್ಕೆ ಯೆಲ್ಲೋ, ಆರೆಂಜ್ ಎಂದು ಬರೆಯುತ್ತದೆ. ಮೇಷ್ಟ್ರು ಅಡ್ಡಗೆರೆ ಎಳೆದು ಬ್ಲಾಂಡ್, ರೆಡ್ ಎಂದು ತಿದ್ದುತ್ತಾರೆ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದರೂ ತಪ್ಪಾಯಿತಲ್ಲ ಎಂದು ಮಗು ಬೆಪ್ಪಾಗುತ್ತದೆ.

ಮಗುವಿನ ತಪ್ಪೇನೂ ಇಲ್ಲ. ಇಂಗ್ಲಿಷಿನ ಕೂದಲಿನ ಪದಗಳಲ್ಲಿ ಅರ್ಧ ಬಣ್ಣದ ಪದಗಳೇ ಅಲ್ಲ. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಲೋಕದ ಭಾಷೆಗಳ ಮೂಲ ಬಣ್ಣದ ಪದಗಳನ್ನು ಕುರಿತು ಒಂದು ಪುಸ್ತಕ ಬರೆದರು. ಅದರ ಮೇಲೆ ಆಮೇಲೆ ಬಹಳ ವಾದವಿವಾದ ನಡೆಯಿತು, ಅದಿರಲಿ. ಯಾವ ಪದವನ್ನು ಮೂಲ ಬಣ್ಣದ ಪದವೆಂದು ಲೆಕ್ಕಕ್ಕೆ ಹಿಡಿಯಬೇಕು ಎಂಬುದಕ್ಕೆ ಅವರು ಹಾಕಿದ ನಿಯಮಗಳಲ್ಲಿ ಒಂದು, ಆ ಪದ ಯಾವುದೋ ಕೆಲವು ವಸ್ತುಗಳಿಗಷ್ಟೇ ಅಂಟಿಕೊಂಡಿರಬಾರದು ಎಂಬುದು. ಈ ನಿಯಮದಿಂದ ಹೊರಬೀಳುವ ಪದಕ್ಕೆ ಅವರು ಕೊಟ್ಟ ಉದಾಹರಣೆಯೇ ಬ್ಲಾಂಡ್. ಬ್ಲಾಂಡ್ ಕೂದಲು ಉಂಟು, ಬ್ಲಾಂಡ್ ಹೂವು ಇಲ್ಲ, ಬ್ಲಾಂಡ್ ಸೀರೆ ಇಲ್ಲ. ಬ್ರೂನೆಟ್ ಎಂಬುದು ಫ್ರೆಂಚಿನಿಂದ ಬಂದ ಪದ, ಕಂದು ಕೂದಲಿನ ಹೆಂಗಸು ಎಂದು ಅರ್ಥ. ಗಂಡಸಿಗೆ ಅದನ್ನು ಹೇಳುವುದು ಅಪರೂಪ. ಜಿಂಜರ್ ಎಂದರೆ ಶುಂಠಿ, ಆದರೆ ಕಿತ್ತಳೆ ಛಾಯೆಯ ಕೂದಲಿಗೆ ಆ ಹೆಸರು. ರೆಡ್ ಹೇರ್ ಎಂದದ್ದು ಕುಂಕುಮದ ಕೆಂಪಲ್ಲ, ತಾಮ್ರದ ಬಣ್ಣ. ಆಬರ್ನ್ ಪದದ ಚರಿತ್ರೆ ಇನ್ನೂ ತಮಾಷೆಯದು. ಲ್ಯಾಟಿನಿನಲ್ಲಿ ಅದರ ಮೂಲಪದದ ಅರ್ಥ ಬೆಳ್ಳಗಿನದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಜನರ ಕಿವಿಗೆ ಅದರಲ್ಲಿ ‘ಬ್ರೌನ್’ ಕೇಳಿಸಿತು. ಬಿಳಿಯ ಪದ ನೋಡನೋಡುತ್ತ ಕೆಂಗಂದು ಆಗಿಬಿಟ್ಟಿತು.

ಇವೆಲ್ಲ ಬಾಯಿಪಾಠ ಮಾಡಿದರೆ ಮುಗಿಯುವ ಸಂಗತಿಗಳು. ನಿಜವಾಗಿ ಕಾಲು ಜಾರುವುದು ಫೇರ್ ಮತ್ತು ಡಾರ್ಕ್ ಎಂಬ ಎರಡು ಸಣ್ಣ ಪದಗಳಲ್ಲಿ. ನಮ್ಮ ಕಡೆ ವಧೂವರರ ಜಾಹೀರಾತು ಓದಿ ಬೆಳೆದವರಿಗೆ ಫೇರ್ ಎಂದರೆ ಬಿಳಿ ಮೈ, ಡಾರ್ಕ್ ಎಂದರೆ ಕಪ್ಪು ಮೈ. ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ‘ಅಕ್ಕ ಫೇರ್, ತಂಗಿ ಡಾರ್ಕ್’ ಎಂದಿದ್ದರೆ ಅದು ಹೆಚ್ಚಾಗಿ ಕೂದಲಿನ ಮಾತು. ಇಬ್ಬರೂ ಬಿಳಿಯರೇ, ಒಬ್ಬಳ ಕೂದಲು ಹೊಂಬಣ್ಣ, ಇನ್ನೊಬ್ಬಳದು ಕಂದುಗಪ್ಪು. ಇದು ತಿಳಿಯದೆ ಎಷ್ಟು ಮಂದಿ ಓದುಗರು ಕಥಾನಾಯಕಿಯನ್ನು ಶ್ಯಾಮಲವರ್ಣದವಳೆಂದು ಊಹಿಸಿಕೊಂಡು ಕಾದಂಬರಿ ಮುಗಿಸಿದ್ದಾರೋ! ಇಂಗ್ಲಿಷರಿಗೂ ಕನ್ನಡದಲ್ಲಿ ಇಂಥದೇ ಗುಂಡಿ ಕಾದಿದೆ. ‘ಹುಡುಗಿ ಕೆಂಪಗಿದ್ದಾಳೆ’ ಎಂದರೆ ಬೆಳ್ಳಗಿದ್ದಾಳೆ ಎಂದು ಅವರಿಗೆ ಯಾರು ಹೇಳಬೇಕು?

ಇಂಗ್ಲಿಷ್ ಕಲಿಯುವ ಚೀನಿಯರ ಪಾಡೂ ನಮ್ಮದಕ್ಕಿಂತ ಬೇರೆಯಲ್ಲ. ಅವರದೂ ಕಪ್ಪು ಕೂದಲಿನ ನಾಡು. ಹೊಂಬಣ್ಣದ ಕೂದಲನ್ನು ಅವರು ಜಿನ್‌ಫಾ, ಎಂದರೆ ಚಿನ್ನದ ಕೂದಲು ಎನ್ನುತ್ತಾರೆ. ನಮ್ಮ ಅನುವಾದಕರು ಹೊಂಗೂದಲು ಎಂದು ಕಟ್ಟಿಕೊಂಡಂತೆಯೇ. ಮಿಂಗ್ ಅರಸರ ಕಾಲದಲ್ಲಿ ಸಮುದ್ರದಾಚೆಯಿಂದ ಬಂದ ಡಚ್ಚರಿಗೆ ಅವರು ಇಟ್ಟ ಹೆಸರು ಹೊಂಗ್‌ಮಾವ್, ಕೆಂಗೂದಲಿನವರು. ಬಂದವರ ದೇಶ, ಧರ್ಮ, ವ್ಯಾಪಾರ ಯಾವುದೂ ಮೊದಲು ಕಣ್ಣಿಗೆ ಬೀಳಲಿಲ್ಲ, ತಲೆ ಬಿತ್ತು. ಹುವಾಂಗ್‌ಫಾ ಎಂದರೆ ಹಳದಿ ಕೂದಲು. ಹಳೆಯ ಚೀನಿ ಸಾಹಿತ್ಯದಲ್ಲಿ ಅದಕ್ಕೆ ಹಣ್ಣು ಹಣ್ಣು ಮುದುಕರು ಎಂದು ಅರ್ಥ: ವಯಸ್ಸು ಮೀರಿದಾಗ ಬಿಳಿ ಕೂದಲೂ ಹಳೆಯ ಕಾಗದದಂತೆ ಹಳದಿಗೆ ತಿರುಗುತ್ತದೆಂಬ ಎಣಿಕೆ. ಈಗಿನ ಆಡುಮಾತಿನಲ್ಲಿ ಹಳದಿ ಕೂದಲಿನವನು ಎಂದರೆ ಬಣ್ಣ ಹಚ್ಚಿಕೊಂಡು ಬೀದಿ ತಿರುಗುವ ಪೋಲಿ ಹುಡುಗ. ಬಣ್ಣ ಒಂದೇ, ಮರ್ಯಾದೆ ಮಾತ್ರ ಎಲ್ಲಿಂದ ಎಲ್ಲಿಗೋ ಇಳಿಯಿತು.

ಇನ್ನೂ ಹತ್ತಿರದ ಒಂದು ಹೋಲಿಕೆ ಇದೆ. ತರುಣಿಯ ಕರಿಗೂದಲನ್ನು ಚೀನೀ ಕವಿಗಳು ಚಿಂಗ್‌ಸಿ ಎನ್ನುತ್ತಾರೆ. ಸಿ ಎಂದರೆ ರೇಷ್ಮೆ ಎಳೆ. ಚಿಂಗ್ ಎಂಬುದು ಹಸಿರು, ನೀಲಿ, ಕಪ್ಪು ಮೂರನ್ನೂ ತಬ್ಬಿಕೊಳ್ಳುವ ವಿಚಿತ್ರ ಬಣ್ಣ. ಇದನ್ನು ಕೇಳಿ ಇಂಗ್ಲಿಷರು ಹುಬ್ಬೇರಿಸಬಹುದು, ಕನ್ನಡಿಗರು ಏರಿಸಬೇಕಾಗಿಲ್ಲ. ನಮ್ಮ ಕಾವ್ಯದ ನಾಯಕಿ ನೀಲವೇಣಿ, ನೀಲಕುಂತಳೆ. ಅವಳ ಮುಡಿಗೆ ದುಂಬಿಯ ಸಾಲು, ಕಾರ್ಮುಗಿಲು, ಇಂದ್ರನೀಲದ ಹೋಲಿಕೆ. ಹಳೆಯ ಮಾತಿನಲ್ಲಿ ನೀಲ ಎಂಬುದು ಕಪ್ಪಿನ ನೆರೆಮನೆಯಲ್ಲೇ ಇತ್ತು. ಅಷ್ಟು ದೂರವೇಕೆ, ಬೆಂಗಳೂರಿನ ಸುತ್ತ ಬೆಳೆಯುವ ದ್ರಾಕ್ಷಿಯ ತಳಿಗೆ ಇಂಗ್ಲಿಷಿನಲ್ಲಿ ಬ್ಯಾಂಗಲೋರ್ ಬ್ಲೂ ಎಂದು ಹೆಸರು. ಅದೇ ಹಣ್ಣನ್ನು ತಳ್ಳುಗಾಡಿಯವನು ಕೂಗುವುದು ಕಪ್ಪು ದ್ರಾಕ್ಷಿ ಎಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಬಣ್ಣದಲ್ಲಿ ಬಡವಾದ ಕನ್ನಡ ಕೂದಲಿನ ಮಿಕ್ಕೆಲ್ಲ ವಿಷಯಗಳಲ್ಲಿ ಸಿರಿವಂತ. ಮುಡಿ, ತುರುಬು, ಹೆರಳು, ಜಡೆ, ಕುರುಳು, ಮುಂಗುರುಳು, ಬೈತಲೆ, ಜುಟ್ಟು, ಚಂಡಿಕೆ. ನೀಳ ಜಡೆ, ಮೋಟು ಜಡೆ, ಗುಂಗುರು ಕೂದಲು, ಕೆದರಿದ ತಲೆ, ಎಣ್ಣೆ ಕಾಣದ ತಲೆ. ಹೆಣ್ಣು ನೋಡಲು ಹೋದ ಹಿಂದಿನ ಕಾಲದ ಹಿರಿಯರು ಊರಿಗೆ ಮರಳಿ ಹೇಳುತ್ತಿದ್ದುದು ಮಾರುದ್ದ ಜಡೆಯ ಸುದ್ದಿಯನ್ನು. ಕೂದಲು ಕಪ್ಪಗಿದೆ ಎಂದು ಯಾರೂ ವರದಿ ಒಪ್ಪಿಸಲಿಲ್ಲ. ಕಪ್ಪಿಗೆ ಮಾತಿನ ಅಗತ್ಯವೇ ಇರಲಿಲ್ಲ. ಅಗತ್ಯ ಬಿದ್ದದ್ದು ಕಪ್ಪು ತಪ್ಪಿದಾಗ. ಕೂದಲು ಕಪ್ಪು ತಪ್ಪುವುದು ಹೆಚ್ಚಾಗಿ ಎರಡೇ ಸಂದರ್ಭದಲ್ಲಿ. ವಯಸ್ಸಾದಾಗ ಒಂದು, ಹುಟ್ಟಿನಿಂದಲೋ ಬದುಕಿನ ಕಷ್ಟದಿಂದಲೋ ಕೆಂಪು ತಿರುಗಿದಾಗ ಇನ್ನೊಂದು. ಈ ಎರಡಕ್ಕೂ ಕನ್ನಡದಲ್ಲಿ ಅಪ್ಪಟ ಪದಗಳಿವೆ. ಮೊದಲನೆಯದು ನರೆ, ಎರಡನೆಯದು ಕೆಂಚು.

ನರೆ ಬಹು ಹಳೆಯ ಪದ. ತಮಿಳಿನಲ್ಲಿ ನರೈ, ಮಲಯಾಳದಲ್ಲಿ ನರ, ತೆಲುಗಿನವರು ನೆರಿಸಿನ ಜುಟ್ಟು ಎನ್ನುತ್ತಾರೆ. ಈ ಭಾಷೆಗಳು ಬೇರೆ ಬೇರೆ ಮನೆ ಮಾಡಿಕೊಳ್ಳುವ ಮೊದಲೇ ಅಜ್ಜನ ತಲೆಗೆ ಈ ಹೆಸರು ಇದ್ದಿರಬೇಕು. ಇಂಗ್ಲಿಷಿನ ಬ್ಲಾಂಡ್‌ನಂತೆ ಇದೂ ಕೂದಲಿಗೇ ಅಂಟಿಕೊಂಡ ಪದ. ಬಿಳಿಯ ಗೋಡೆ ನರೆತಿಲ್ಲ, ಬಿಳಿಯ ಮೋಡ ನರೆತಿಲ್ಲ. ಚಿಕ್ಕ ವಯಸ್ಸಿಗೆ ಬಂದರೆ ಅದಕ್ಕೆ ಬಾಲನೆರೆ ಎಂದು ಪ್ರತ್ಯೇಕ ಹೆಸರು, ಪ್ರತ್ಯೇಕ ತೈಲದ ಜಾಹೀರಾತು. ‘ಸುಮ್ಮನೆ ನರೆತಿಲ್ಲ ಈ ತಲೆ’ ಎಂದು ಹಿರಿಯರು ಗದರಿದರೆ ಅದು ಬಣ್ಣದ ಮಾತಲ್ಲ, ಅನುಭವದ ಮಾತು. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ, ಅವು ಬರುವ ಮೊದಲೇ ಕೂಡಲಸಂಗಮನನ್ನು ಪೂಜಿಸು ಎನ್ನುತ್ತದೆ. ಆ ಎಣಿಕೆ ಆರಂಭವಾಗುವುದು ನರೆಯಿಂದ. ಕಾಳಿದಾಸನ ರಘುವಂಶದ ಹನ್ನೆರಡನೆಯ ಸರ್ಗದಲ್ಲಿ ಮುಪ್ಪು ನರೆಗೂದಲಿನ ವೇಷ ತೊಟ್ಟು ದಶರಥನ ಕಿವಿಯ ಬಳಿ ಬಂದು ರಾಮನಿಗೆ ರಾಜ್ಯ ಕೊಡು ಎಂದು ಪಿಸುಗುಟ್ಟುತ್ತದೆ. ಗಟ್ಟಿಯಾಗಿ ಹೇಳಿದರೆ ಕೈಕೇಯಿಗೆ ಕೇಳಿಸೀತೆಂಬ ಅಂಜಿಕೆ. ಬೌದ್ಧರ ಮಖಾದೇವ ಜಾತಕದ ಅರಸ ತನ್ನ ಕ್ಷೌರಿಕನಿಗೆ, ತಲೆಯಲ್ಲಿ ಒಂದೇ ಒಂದು ನರೆಗೂದಲು ಕಂಡರೂ ತಿಳಿಸು ಎಂದು ಅಪ್ಪಣೆ ಮಾಡಿದ್ದ. ಅದು ಕಂಡ ದಿನ ಕ್ಷೌರಿಕ ಅದನ್ನು ಕಿತ್ತು ಅರಸನ ಅಂಗೈ ಮೇಲಿಟ್ಟ. ಅರಸ ಅವನಿಗೆ ಒಂದು ಊರನ್ನು ಉಂಬಳಿ ಕೊಟ್ಟು, ಪಟ್ಟವನ್ನು ಮಗನಿಗೆ ಬಿಟ್ಟು ಕಾಡಿಗೆ ನಡೆದ. ಒಂದು ಕೂದಲಿಗೆ ಇಷ್ಟು ಬೆಲೆ ಬಂದದ್ದು ಕಡಿಮೆ.

ಇದೇ ನರೆಗೆ ಇಂಗ್ಲಿಷಿನಲ್ಲಿ ಗ್ರೇ, ಎಂದರೆ ಬೂದು. ಕನ್ನಡಿಗರೂ ಚೀನಿಯರೂ ಕೂದಲು ಬೆಳ್ಳಗಾಯಿತು ಎನ್ನುವಲ್ಲಿ ಇಂಗ್ಲಿಷರು ಬೂದಾಯಿತು ಎನ್ನುತ್ತಾರೆ. ಯಾರು ಸರಿ ಎಂದು ಕೇಳಿದರೆ ವಿಜ್ಞಾನ ಇಬ್ಬರ ಪರವಾಗಿಯೂ ತೀರ್ಪು ಕೊಡುತ್ತದೆ. ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಬೇರಿನಲ್ಲಿ ಅದರ ತಯಾರಿಕೆ ನಿಂತರೆ ಹುಟ್ಟುವ ಎಳೆ ಬಿಳಿಯದೇ. ಆ ಬಿಳಿ ಎಳೆಗಳು ಕರಿ ಎಳೆಗಳ ನಡುವೆ ಬೆರೆತಾಗ ದೂರದಿಂದ ನೋಡುವವರಿಗೆ ತಲೆ ಬೂದಾಗಿ ಕಾಣುತ್ತದೆ. ನಾವು ಎಳೆಯನ್ನು ಹಿಡಿದು ನೋಡಿದೆವು, ಅವರು ತಲೆಯನ್ನು ನಿಂತು ನೋಡಿದರು. ಇಂಗ್ಲಿಷ್ ಬರೆಯುವ ಕನ್ನಡಿಗ ಐವತ್ತರ ಗಂಡಸಿಗೆ ವೈಟ್ ಹೇರ್ ಎಂದರೆ ಕೇಳಿದವರು ಎಂಬತ್ತರ ಮುದುಕನನ್ನು ಕಲ್ಪಿಸಿಕೊಳ್ಳುತ್ತಾರೆ. ಇದೊಂದನ್ನು ನೆನಪಿಟ್ಟರೆ ಸಾಕು.

ಕೆಂಚಿನ ಕಥೆ ಇಷ್ಟು ಸರಳವಲ್ಲ. ಕೂದಲೋ ಕಣ್ಣೋ ಕಂದುಗೆಂಪಾಗಿದ್ದವನನ್ನು ಹಳ್ಳಿಯವರು ಕೆಂಚ ಎಂದು ಕರೆದರು, ಅವಳು ಕೆಂಚಿ. ತಮಿಳಿನಲ್ಲಿ ಇಂಥ ಕೂದಲಿಗೆ ಸೆಂಬಟ್ಟೈ ಎಂದು ಹೆಸರು. ಅಡ್ಡಹೆಸರು ಕ್ರಮೇಣ ಇಟ್ಟ ಹೆಸರಾಗಿ ಕೆಂಚಪ್ಪ, ಕೆಂಚಣ್ಣ, ಕೆಂಚಮ್ಮ ಎಂದು ಹಬ್ಬಿತು. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಎಂಬ ಹೋಬಳಿಯೇ ಇದೆ. ಹಾಸನದವರಾದ ರಾಜಾರಾಯರು ಇಂಗ್ಲಿಷಿನಲ್ಲಿ ಬರೆದು 1938ರಲ್ಲಿ ಪ್ರಕಟವಾದ ‘ಕಾಂತಾಪುರ’ ಕಾದಂಬರಿಯ ಗ್ರಾಮದೇವತೆಯೂ ಕೆಂಚಮ್ಮನೇ. ರಾಯಚೂರು, ಯಾದಗಿರಿ ಕಡೆಯ ಕೆಂಗಂದು ತುಪ್ಪಳದ ಕುರಿಗೆ ಕೆಂಗುರಿ ಎಂದೇ ಹೆಸರು, ಅದು ಮಾನ್ಯತೆ ಪಡೆದ ತಳಿ. ಶಿವನಂತೂ ಕೆಂಜೆಡೆಯವನು. ಆದರೆ ಕೆಂಪಿನ ಹೆಸರುಗಳೆಲ್ಲ ತಲೆಗೂದಲಿನಿಂದ ಬಂದವು ಎಂದು ತಿಳಿಯುವುದು ಬೇಡ. ಯಲಹಂಕದ ಕೆಂಪೇಗೌಡನ ಹೆಸರಿನಿಂದ ಅವನ ಕೂದಲನ್ನು ಊಹಿಸಹೊರಟರೆ ಇತಿಹಾಸ ದಾರಿ ತಪ್ಪುತ್ತದೆ.

ದೇವರಿಗೆ ಒಪ್ಪಿದ ಕೆಂಗೂದಲು ಹೆಣ್ಣಿಗೆ ಒಪ್ಪಲಿಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯ ಮದುವೆಯಾಗಬಾರದ ಕನ್ಯೆಯರ ಪಟ್ಟಿ ಕೊಡುವಾಗ ಮೊದಲು ಹೆಸರಿಸುವುದು ಕಪಿಲೆಯನ್ನು. ಕೆಂಗಂದು ಕೂದಲಿನವಳು ಎಂಬುದು ಅದಕ್ಕೆ ರೂಢಿಯಲ್ಲಿರುವ ಅರ್ಥ. ವಿಚಿತ್ರವೆಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆನ್ನುವ ಪತಂಜಲಿಯ ಮಹಾಭಾಷ್ಯ ಬ್ರಾಹ್ಮಣನ ಲಕ್ಷಣಗಳೆಂದು ಜನ ಎಣಿಸುವುದನ್ನು ಹೇಳುವಾಗ ಕಪಿಲಕೇಶವನ್ನೂ ಸೇರಿಸಿದೆ. ಗಂಡಿಗೆ ಅದು ಲಕ್ಷಣ, ಹೆಣ್ಣಿಗೆ ಅವಲಕ್ಷಣ! ಮನೆಯಲ್ಲಿ ‘ಕೆಂಚಿ’ ಎಂದು ಕರೆಸಿಕೊಂಡ ಹುಡುಗಿಯ ತಲೆಗೆ ಮದುವೆ ವಯಸ್ಸಿನಲ್ಲಿ ಹರಳೆಣ್ಣೆ, ಭೃಂಗರಾಜದ ಎಣ್ಣೆ ಮೆತ್ತುತ್ತಿದ್ದುದಕ್ಕೆ ಹಿನ್ನೆಲೆ ಇದೇ. ಈಗ ಅದೇ ಬಣ್ಣಕ್ಕಾಗಿ ಬ್ಯೂಟಿ ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ತೆತ್ತು, ಬರ್ಗಂಡಿ ಎಂದು ಹೆಸರು ಹೇಳಿ ಬರುತ್ತಾರೆ. ಮೊಮ್ಮಗಳ ತಲೆ ನೋಡಿ ಅಜ್ಜಿ ‘ಇದೇನೇ ಕೆಂಚು ತಲೆ’ ಎಂದರೆ ಆಶ್ಚರ್ಯವಿಲ್ಲ.

ಹುಟ್ಟಿನಿಂದ ಬರುವ ಕೆಂಗೂದಲಿನ ಗುಟ್ಟು ಬಿಚ್ಚಿದ್ದು ಈಚೆಗೆ. ಮೆಲನಿನ್‌ನಲ್ಲಿ ಎರಡು ಬಗೆ. ಕಪ್ಪು-ಕಂದಿನ ಯೂಮೆಲನಿನ್ ಒಂದು, ಕೆಂಪು-ಹಳದಿಯ ಫಿಯೋಮೆಲನಿನ್ ಇನ್ನೊಂದು. ಯಾವುದು ಎಷ್ಟು ತಯಾರಾಗಬೇಕೆಂಬುದನ್ನು ನಿಯಂತ್ರಿಸುವ ಎಂಸಿ1ಆರ್ ಎಂಬ ಜೀನಿನ ಕೆಲವು ರೂಪಗಳಿಗೂ ಯುರೋಪಿನವರ ಕೆಂಗೂದಲಿಗೂ ನಂಟಿದೆಯೆಂದು 1995ರಲ್ಲಿ ತಿಳಿಯಿತು. ಲೋಕದ ಜನಸಂಖ್ಯೆಯಲ್ಲಿ ಇಂಥವರು ನೂರಕ್ಕೆ ಒಬ್ಬರೋ ಇಬ್ಬರೋ, ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಹೆಚ್ಚು. ನಮ್ಮ ನಾಡಿನ ಕೆಂಚರಲ್ಲಿ ಬಹುಮಂದಿ ಈ ಗುಂಪಿಗೆ ಸೇರಿದವರಲ್ಲ. ಅವರ ಕೂದಲು ಕೆಂಪಲ್ಲ, ಕಪ್ಪು ಕಡಿಮೆಯಾದ ಕಂದು.

ಕಪ್ಪು ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಅಮೃತಹಳ್ಳಿಯಂಥ ಬಡಾವಣೆಯಲ್ಲೇ ಕೇಳಬೇಕು. ಬೆಂಗಳೂರಿನ ಉತ್ತರ ಭಾಗದಲ್ಲಿ ಎದ್ದ ಎತ್ತರದ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಬಹಳ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು, ಮರಳಿನ ಗುಡ್ಡೆಯ ಮೇಲೆ ಮಕ್ಕಳು. ಆ ಮಕ್ಕಳಲ್ಲಿ ಕೆಲವರ ಕೂದಲು ಒಣ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ದಾರಿಹೋಕರು ಅದನ್ನು ಬಿಸಿಲಿನ ತಲೆ, ಎಣ್ಣೆ ಕಾಣದ ತಲೆ ಎಂದು ನೋಡಿ ಮುಂದೆ ಹೋಗುತ್ತಾರೆ. ಅದು ಪೂರ್ತಿ ತಪ್ಪಲ್ಲ, ಬಿಸಿಲು ಮೆಲನಿನ್ ಅನ್ನು ಒಡೆಯುವುದು ನಿಜ. ಆದರೆ ಇನ್ನೊಂದು ಕಾರಣವೂ ಇರಬಹುದು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಎಂದರೆ ಈಗಿನ ಘಾನಾದಲ್ಲಿ, ಹೊಟ್ಟೆ ಉಬ್ಬಿ, ಕಾಲು ಬಾತು, ಕೂದಲು ಬಣ್ಣಗೆಟ್ಟ ಮಕ್ಕಳನ್ನು ಕಂಡು 1933ರಲ್ಲಿ ಆ ರೋಗವನ್ನು ವಿವರಿಸಿದರು. ಎರಡು ವರ್ಷದ ಮೇಲೆ ಅದಕ್ಕೆ ಅಲ್ಲಿನ ತಾಯಂದಿರು ಕರೆಯುತ್ತಿದ್ದ ಹೆಸರನ್ನೇ ವೈದ್ಯಪತ್ರಿಕೆಯಲ್ಲಿ ಬಳಸಿದರು. ಕ್ವಾಶಿಯೋರ್ಕರ್: ಮುಂದಿನ ಕೂಸು ಹುಟ್ಟಿದಾಗ ಎದೆಹಾಲಿನಿಂದ ದೂರವಾದ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಪೌಷ್ಟಿಕ ಆಹಾರ, ಮುಖ್ಯವಾಗಿ ಪ್ರೋಟೀನು, ಸಾಲದ ಮಗುವಿನ ಕೂದಲು ತೆಳುವಾಗಿ, ಪೆಡಸಾಗಿ ಕೆಂಗಂದಾಗುತ್ತದೆ. ನಡುವೆ ಕೆಲವು ತಿಂಗಳು ಒಳ್ಳೆಯ ಊಟ ಸಿಕ್ಕರೆ ಆಗ ಬೆಳೆದ ಭಾಗ ಮತ್ತೆ ಕಪ್ಪು. ಹೀಗೆ ಒಂದೇ ಎಳೆಯಲ್ಲಿ ಪಟ್ಟೆಪಟ್ಟೆಯಾಗಿ ಹಸಿವಿನ ಮತ್ತು ಸುಗ್ಗಿಯ ತಿಂಗಳುಗಳು ಕಾಣುತ್ತವೆ. ವೈದ್ಯರು ಇದನ್ನು ಬಾವುಟದ ಗುರುತು ಎನ್ನುತ್ತಾರೆ.

ಕೆಂಚು ತಲೆಯ ಮಕ್ಕಳೆಲ್ಲ ಹಸಿದವರೆಂದು ಇದರ ಅರ್ಥವಲ್ಲ. ಎಷ್ಟೋ ಮನೆತನಗಳಲ್ಲಿ ಅದು ವಂಶದ ಬಣ್ಣ. ಆದ್ದರಿಂದಲೇ ಅಂಗನವಾಡಿಯವರು ಕೂದಲನ್ನು ನಂಬಿ ಕೂರುವುದಿಲ್ಲ, ಮಗುವನ್ನು ತೂಗುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ. ಆ ಪಟ್ಟಿಯ ಮೇಲೂ ಬಣ್ಣಗಳೇ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, 12.5ರವರೆಗೆ ಹಳದಿ, ಮೇಲಿದ್ದರೆ ಹಸಿರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರಲ್ಲೊಂದು. ಶೆಡ್ಡಿನ ಮಗುವಿನ ಕಷ್ಟವೇನೆಂದರೆ ಒಂದು ಕಟ್ಟಡ ಮುಗಿದೊಡನೆ ಅದರ ಊರೇ ಬದಲಾಗುತ್ತದೆ. ಇಂಗ್ಲಿಷ್ ಪುಸ್ತಕದ ಮಾತಿನಲ್ಲಿ ಅದರದು ಬ್ರೌನ್ ಹೇರ್. ಉತ್ತರಪತ್ರಿಕೆಯಲ್ಲಿ ಅದಕ್ಕೆ ಪೂರ್ತಿ ಅಂಕ ಸಿಗಬಹುದು, ಮಗುವಿಗೆ ಬೇಕಾದದ್ದು ಮೊಟ್ಟೆ, ಹಾಲು, ಬೇಳೆ.

ಸರ್ಕಾರಿ ಕಾಗದಗಳಿಗೂ ಕೂದಲಿನ ಬಣ್ಣದ ಮೇಲೆ ಕಣ್ಣಿತ್ತು. ಹಿಂದಿನ ಭಾರತೀಯ ಪಾಸ್‌ಪೋರ್ಟಿನಲ್ಲಿ ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಗುರುತಿನ ಮಚ್ಚೆ ಎಂದು ಕಾಲಂಗಳಿದ್ದವು. ಬ್ರಿಟಿಷರ ನಮೂನೆಯಿಂದ ಇಳಿದು ಬಂದ ಈ ಕಾಲಂನಲ್ಲಿ ಬ್ಲ್ಯಾಕ್ ಎಂದು ಬರೆದೂ ಬರೆದೂ ಗುಮಾಸ್ತರ ಕೈ ಸೋತಿರಬೇಕು. ಮುಂದೆ ಆ ಕಾಲಂ ಹೋಯಿತು. ಆದರೆ ಅಮೆರಿಕದಲ್ಲಿ ನೆಲಸಿ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವ ಕನ್ನಡಿಗರು ಈ ಪ್ರಶ್ನೆಯನ್ನು ಮತ್ತೆ ಎದುರಿಸಬೇಕಾಯಿತು. ಎನ್-400 ಎಂಬ ಆ ಅರ್ಜಿಯಲ್ಲಿ ಕೂದಲಿಗೆ ಕಪ್ಪು, ಕಂದು, ಬ್ಲಾಂಡ್, ಗ್ರೇ, ರೆಡ್, ಸ್ಯಾಂಡಿ, ಬಿಳಿ ಎಂದು ಚೌಕಗಳು; ಅವುಗಳ ಜೊತೆಗೆ ಬೋಳು ಎಂಬುದಕ್ಕೂ ಒಂದು. ಬೋಳು ಯಾವ ಬಣ್ಣ ಎಂದು ಕೇಳಬಾರದು, ಗುರುತು ಹಿಡಿಯಲು ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಮಗನ ಮನೆಗೆ ಹೋಗಿ ಅಲ್ಲೇ ಉಳಿದ ತಾಯಿಯೊಬ್ಬರು ಬಣ್ಣ ಹಚ್ಚಿದ ತಲೆಗೆ ಯಾವ ಚೌಕದಲ್ಲಿ ಗುರುತು ಹಾಕಬೇಕೆಂದು ಪೇಚಾಡಿದರೆ ಅದೂ ಸಹಜವೇ.

ಕೂದಲಿನ ಬಣ್ಣವನ್ನು ನಿಜವಾಗಿ ನಿಖರವಾಗಿ ಹೇಳುವವರು ಕವಿಗಳೂ ಅಲ್ಲ, ಪೊಲೀಸರೂ ಅಲ್ಲ, ಕೂದಲಿನ ವ್ಯಾಪಾರಿಗಳು. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಗೆ ಸಿಕ್ಕಿಸಿಡುವ ಹೆಂಗಸರು ಇನ್ನೂ ಇದ್ದಾರೆ. ಬೀದಿಯಲ್ಲಿ ಪಿನ್ನು, ಟೇಪು, ಪಾತ್ರೆಯ ಬುಟ್ಟಿ ಹೊತ್ತು ಬರುವವರಿಗೆ ಅದನ್ನು ಕೊಟ್ಟು ಬದಲಿಗೆ ಒಂದು ಸಾಮಾನು ಪಡೆಯುತ್ತಾರೆ. ಇಂಥ ಕೂದಲು ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಒಂದು. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಬೇರೆಮಾಡಿ ಕಟ್ಟು ಕಟ್ಟುತ್ತಾರೆ. ಕೈಗಳೆಲ್ಲ ಹೆಚ್ಚಾಗಿ ಹೆಂಗಸರವೇ. ಕಚ್ಚಾ ಕೂದಲು ಕಳ್ಳದಾರಿಯಲ್ಲಿ ಹೊರಗೆ ಹೋಗಿ ಇಲ್ಲಿನವರ ಕೆಲಸ ಕೆಡುತ್ತಿದೆ ಎಂಬ ದೂರು ಬಹಳ ಕಾಲದಿಂದ ಇತ್ತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ಕೂದಲನ್ನು ಕೊಳ್ಳುವ ದೊಡ್ಡ ಕೈ ಚೀನಾದ್ದು. ಅಲ್ಲಿನ ಹೆನಾನ್ ಪ್ರಾಂತದ ಶೂಚಾಂಗ್ ಪಟ್ಟಣ ವಿಗ್ ತಯಾರಿಕೆಗೆ ಲೋಕಪ್ರಸಿದ್ಧ.

ಈ ವ್ಯಾಪಾರದಲ್ಲಿ ಬಣ್ಣಗಳಿಗೆ ಹೆಸರು ಹೇಳಿ ಕೂತರೆ ಕೆಲಸ ಸಾಗುವುದಿಲ್ಲ. ಭಾರತದ ಮಾರಾಟಗಾರ, ಚೀನಾದ ಕುಶಲಕರ್ಮಿ, ಅಮೆರಿಕದ ಅಂಗಡಿಯವ ಮೂವರಿಗೂ ತಿಳಿಯುವ ಭಾಷೆ ಅಂಕಿಯದು. 1 ಎಂದರೆ ಕಾಡಿಗೆಗಪ್ಪು. 2 ಅತಿ ಗಾಢ ಕಂದು, 4 ನಡುಗಂದು, 33 ಆಬರ್ನ್, 27 ಜೇನಿನ ಹೊಂಬಣ್ಣ, 613 ಬಹಳ ತಿಳಿಯಾದ ಬ್ಲಾಂಡ್. ಒಂದು ಸಂಗತಿ ಇಲ್ಲಿ ಸ್ವಾರಸ್ಯದ್ದು. ನಾವು ಕಪ್ಪು ಎಂದು ಪ್ರಮಾಣ ಮಾಡಿ ಹೇಳುವ ನಮ್ಮ ಕೂದಲು ಈ ಪಟ್ಟಿಯ ಪ್ರಕಾರ 1 ಅಲ್ಲ. ಅದು 1ಬಿ, ಕಪ್ಪಿಗೆ ಸ್ವಲ್ಪ ಕಡಿಮೆ. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಕಂದು ಮಿನುಗುತ್ತದೆ. ಅಚ್ಚ 1 ಸಿಗುವುದು ಹೆಚ್ಚಾಗಿ ಬಣ್ಣದ ಬಟ್ಟಲಿನಲ್ಲಿ.

ಭಾಗ್ಯನಗರದ ಕಟ್ಟು ಶೂಚಾಂಗ್ ತಲುಪಿದ ಮೇಲೆ ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡಿನ ಸ್ನಾನ. ಮೆಲನಿನ್ ಕರಗುತ್ತ ಹೋದಂತೆ ಕಪ್ಪು ಕಂದಾಗುತ್ತದೆ, ಕಂದು ಕೆಂಚಾಗುತ್ತದೆ, ಕೆಂಚು ಕಿತ್ತಳೆಯಾಗಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿ ಉಳಿಯುತ್ತದೆ. ಅದರ ಮೇಲೆ ಬೇಕಾದ ಛಾಯೆ ಹತ್ತಿಸಿ, ಹೆಣೆದು, ಡಬ್ಬಿಗೆ ಹಾಕಿ ಚೀಟಿ ಅಂಟಿಸುತ್ತಾರೆ. ಚೀಟಿಯ ಮೇಲೆ 613 ಎಂದು ಬರೆದಿರುತ್ತದೆ.